ಹಳೆಯದಕ್ಕೆ ಹೊಸ ಬಾಯಿ

ನಮ್ಮ ಅತ್ತಿಗೆಗೆ ಒಂದು ಸಲ ಕೋಪ ಬಂದು ಒಂದು ಅಂಗಡಿಯೇ ಹುಟ್ಟಿತು. ನನಗೆ ದಿನಕ್ಕೆ ನಾಲ್ಕು ಸಲ ಕೋಪ ಬರುತ್ತದೆ. ಅದರಿಂದ ಇದುವರೆಗೆ ಹುಟ್ಟಿರುವುದು ರಕ್ತದೊತ್ತಡ ಮಾತ್ರ.

ಆ ಕೋಪದ ಕತೆ ಹೀಗೆ. ಒಂದು ಭಾನುವಾರ ಬೆಳಿಗ್ಗೆ ನಮ್ಮಣ್ಣ ಅರ್ಧ ಗಡ್ಡ ಬೋಳಿಸಿಕೊಂಡು ಬಚ್ಚಲಿನಿಂದ ಹೊರಗೆ ಬಂದ. ಗಡ್ಡದ ಮಿಷನ್ನು ನಡುನೀರಿನಲ್ಲಿ ಕೈಬಿಟ್ಟಿತ್ತು. ಅದರ ಚಾರ್ಜರ್ ಹುಡುಕಲು ಅತ್ತಿಗೆ ಅಟ್ಟದ ಮೇಲಿದ್ದ ಚೀಲ ಇಳಿಸಿ ನೆಲಕ್ಕೆ ಸುರಿದರು. ಹತ್ತೊಂಬತ್ತು ಚಾರ್ಜರ್‌ಗಳು ಬಿದ್ದವು. ಒಂದರ ಮೂತಿ ದುಂಡಗೆ, ಒಂದರದು ಚಪ್ಪಟೆ, ಒಂದರದು ಸೂಜಿಯಷ್ಟು ಸಣ್ಣ, ಒಂದರದು ಯಾವ ಆಕಾರವೆಂದು ಅದನ್ನು ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ. ಹತ್ತೊಂಬತ್ತರಲ್ಲಿ ಒಂದಾದರೂ ಆ ಮಿಷನ್ನಿನ ತೂತಿಗೆ ಹೋಗಬೇಕಲ್ಲ, ಹೋಗಲಿಲ್ಲ.

"ಹತ್ತೊಂಬತ್ತು ಮಕ್ಕಳನ್ನ ಸಾಕಿ, ಒಂದು ಲೋಟ ನೀರು ಕೊಡೋಕೆ ಒಬ್ಬನೂ ಇಲ್ಲ ಅಂದ ಹಾಗಾಯ್ತು" ಎಂದರು ಅತ್ತಿಗೆ.

ಅಷ್ಟು ಹೇಳಿ ಅವರು ಸುಮ್ಮನಾಗುವವರಲ್ಲ. ಮದುವೆಗೆ ಮುಂಚೆ ಒಂಬತ್ತು ವರ್ಷ ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವರು, ಕಾರ್ಖಾನೆಗೆ ಬೀಗ ಬೀಳುವವರೆಗೂ ದಿನಕ್ಕೆ ನಾನೂರು ಬೆಸುಗೆ. ಅಡುಗೆಮನೆಯ ಮೇಜಿನ ಮೇಲೆ ಮಿಷನ್ನಿನ ಹೊಟ್ಟೆ ಬಿಚ್ಚಿದರು. ಒಡೆದುಹೋದ ಒಂದು ಫೋನಿನಿಂದ ಹೊಸ ಕಾಲದ ಚಾರ್ಜಿಂಗ್ ತೂತು ಕಿತ್ತು ಇದಕ್ಕೆ ಕೂಡಿಸಿದರು. ಅರ್ಧ ಗಡ್ಡದಲ್ಲೇ ತಿಂಡಿ ತಿಂದು, ಅರ್ಧ ಗಡ್ಡದಲ್ಲೇ ಪತ್ರಿಕೆ ಓದಿದ್ದ ಅಣ್ಣ, ಮಧ್ಯಾಹ್ನ ತನ್ನ ಫೋನಿನ ಚಾರ್ಜರ್ ಸಿಕ್ಕಿಸಿ ಉಳಿದ ಅರ್ಧವನ್ನೂ ತೆಗೆದ. ಅಕ್ಕಪಕ್ಕದವರು ಬಂದು ಅವನ ಎರಡು ಕೆನ್ನೆಯನ್ನೂ ನೋಡಿ ಹೋದರು. ಮರುದಿನ ಒಬ್ಬರು ಟಾರ್ಚು ತಂದರು, ಇನ್ನೊಬ್ಬರು ಸೊಳ್ಳೆ ಹೊಡೆಯುವ ಬ್ಯಾಟು ತಂದರು. ತಿಂಗಳು ಕಳೆಯುವಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆಗೆ ಜಾಗವಿಲ್ಲದೆ ಅತ್ತಿಗೆ ನನ್ನ ಅಂಗಡಿಗೆ ಬಂದರು.

ನಾನು ದರ್ಜಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದೇ ಕೋಣೆ ನನ್ನದು. ನಡುವೆ ನಾನೇ ಸೀಮೆಸುಣ್ಣದಿಂದ ಗೆರೆ ಎಳೆದೆ. ಈ ಕಡೆ ನನ್ನ ಹೊಲಿಗೆ ಯಂತ್ರ, ಕತ್ತರಿ, ಇಸ್ತ್ರಿ ಪೆಟ್ಟಿಗೆ. ಆ ಕಡೆ ಅವರ ಬೆಸುಗೆ ಕಡ್ಡಿ, ಚಿಮಟ, ಕುತ್ತಿಗೆ ಉದ್ದದ ದೀಪ. ಗೆರೆಯನ್ನು ನಾನು ಎಷ್ಟು ಸಲ ಎಳೆದರೂ ಸಂಜೆಯ ಹೊತ್ತಿಗೆ ಅದು ನನ್ನ ಕಡೆಗೆ ಅರ್ಧ ಅಡಿ ಜರುಗಿರುತ್ತಿತ್ತು. ಕೇಳಿದರೆ "ಗೆರೆ ಹೇಗೋ ನಡೆಯುತ್ತೆ, ಅದಕ್ಕೇನು ಕಾಲಿದ್ಯಾ?" ಎನ್ನುತ್ತಿದ್ದರು. ಬಾಗಿಲ ಮೇಲೆ ನನ್ನ ಬೋರ್ಡಿನ ಕೆಳಗೆ ಅವರದೂ ಒಂದು ಬೋರ್ಡು ಬಂತು: ಹಳೆಯದಕ್ಕೆ ಹೊಸ ಬಾಯಿ.

ಪೇಟೆಯವರೆಲ್ಲ ಟೈಪ್ ಸಿ ಎನ್ನುವುದನ್ನು ಅತ್ತಿಗೆ ಬಾಯಿ ಎನ್ನುತ್ತಿದ್ದರು. ನನ್ನ ಕಣ್ಣಿಗೆ ಅದು ಕೋಟಿನ ಗುಂಡಿಯ ಕಾಜ: ಉದ್ದಕ್ಕಿದ್ದು, ಎರಡು ಅಂಚೂ ದುಂಡಗೆ. ಹೇಗೆ ತಿರುಗಿಸಿ ಸಿಕ್ಕಿಸಿದರೂ ಒಳಗೆ ಹೋಗುತ್ತದೆ. ಅವರ ಸಿದ್ಧಾಂತವೂ ಅಷ್ಟೇ ಸರಳ. "ಫೋನಿಗೂ ಅದೇ, ಟಾರ್ಚಿಗೂ ಅದೇ, ಗಡ್ಡಕ್ಕೂ ಅದೇ. ಯಾರ ಮನೆಗೆ ಹೋದ್ರೂ ಕೈಬೀಸ್ಕೊಂಡು ಹೋಗಬೇಕು. ಚಾರ್ಜರ್ ಅಲ್ಲಿ ಇದ್ದೇ ಇರುತ್ತೆ."

ಕೆಲಸದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ನೋಡಿಲ್ಲ. ಬಂದ ವಸ್ತುವಿನ ಬೆನ್ನಿನ ಚೀಟಿಯನ್ನು ಭೂತಗನ್ನಡಿಯಲ್ಲಿ ಓದಿ, ಐದು ವೋಲ್ಟು ಇದ್ದರೆ ಮಾತ್ರ ಕೈ ಹಾಕುತ್ತಿದ್ದರು. ಹನ್ನೆರಡು ಇದ್ದರೆ "ಇದಕ್ಕೆ ಹೊಟ್ಟೆ ದೊಡ್ಡದು, ನಮ್ಮ ಕೈಲಾಗಲ್ಲ" ಎಂದು ಹಿಂದಕ್ಕೆ ಕೊಡುತ್ತಿದ್ದರು. ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಇತ್ತು. ಗೋಡೆಗೆ ಸದಾ ಸಿಕ್ಕಿಸಿಟ್ಟ ಹಳೆಯ ಚಾರ್ಜರ್, ಅದರಿಂದ ಇಳಿಬಿದ್ದ ಒಂದು ವಯರು. ಚಾರ್ಜರ್ ಕಡೆಯ ಮೂತಿ ಹಳೆ ಕಾಲದ್ದು, ಅಗಲ. ಈ ಕಡೆಯದು ಹೊಸದು, ಸಣ್ಣದು. ಎರಡು ಸಲ ಕುತ್ತಿಗೆ ಮುರಿದುಕೊಂಡ ಆ ವಯರಿಗೆ ನಾನೇ ನೀಲಿ ದಾರ ಸುತ್ತಿ ಪಟ್ಟಿ ಕಟ್ಟಿದ್ದೆ. ಅದನ್ನು ಸಿಕ್ಕಿಸಿದಾಗ ದೀಪ ಹತ್ತಿದರೆ ಪಾಸು. ಬೇರೆ ಯಾವ ಚಾರ್ಜರನ್ನೂ ಅವರು ನಂಬುತ್ತಿರಲಿಲ್ಲ.

ಇಷ್ಟೆಲ್ಲ ಇದ್ದ ಹೆಂಗಸಿಗೆ ಬಾರದ ಮಾತು ಒಂದೇ. ತಪ್ಪಾಯ್ತು ಎಂಬುದು. ಅವರು ನಮ್ಮ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿದೆ, ಅವರ ಬಾಯಲ್ಲಿ ಆ ಮಾತು ಯಾರೂ ಕೇಳಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ನಮ್ಮ ನಾಲಿಗೆ ಕೆಟ್ಟಿರುತ್ತದೆ. ಹಾಲು ಉಕ್ಕಿದರೆ ಒಲೆಯ ಗುಣ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನೊಮ್ಮೆ ಗೊಣಗಿದ್ದಕ್ಕೆ, "ನೆಲ ನಿಜವಾಗ್ಲೂ ಡೊಂಕಿದ್ರೆ ಹೇಳಬಾರದಾ, ದರ್ಜಿಯೋರೇ?" ಎಂದು ಕೇಳಿದ್ದರು. ಕೋಪ ಬಂದಾಗ ನಾನು ದರ್ಜಿಯೋರೇ, ಇಲ್ಲದಾಗ ಬರೀ ಏನೋ.

ಈಗ ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಎರಡು ತಿಂಗಳ ಹಿಂದೆ ಅತ್ತಿಗೆಗೆ ಜ್ವರ. ಬಾಯಿಗಳು ಮುಗಿದಿದ್ದವು. ಉಗುರಿನಗಲದ ಹಸಿರು ಹಲಗೆಯ ಮೇಲೆ ಕೂಡಿಸಿಯೇ ಅವು ಬರುತ್ತವೆ. "ಮೊದಲಿನಂಥದ್ದೇ ಐವತ್ತು ತಾ" ಎಂದು ನನ್ನನ್ನು ಸಗಟು ಅಂಗಡಿಗೆ ಕಳಿಸಿದರು. ಅಲ್ಲಿ ಎರಡು ತಟ್ಟೆ ಇದ್ದವು. ಒಂದರ ಮಾಲು ನುಣ್ಣಗೆ, ಸ್ವಚ್ಛವಾಗಿತ್ತು. ಇನ್ನೊಂದರಲ್ಲಿ ಪ್ರತಿಯೊಂದರ ಪಕ್ಕದಲ್ಲೂ ಸಾಸಿವೆಗಿಂತ ಸಣ್ಣವು ಎರಡು ಕಪ್ಪು ಚುಕ್ಕೆಗಳು. ಬಟ್ಟೆಯ ಥಾನು ಬಿಚ್ಚಿದಾಗ ಚುಕ್ಕೆ ಕಂಡರೆ ಹಿಂದಕ್ಕೆ ತಳ್ಳು ಎಂದು ಇಪ್ಪತ್ತಾರು ವರ್ಷ ಈ ಕಣ್ಣಿಗೆ ಪಾಠವಾಗಿದೆ. ಚುಕ್ಕೆಯ ಮಾಲು ತಳ್ಳಿ ಸ್ವಚ್ಛವಾದದ್ದನ್ನು ಎಣಿಸಿಕೊಂಡೆ. ಅಂಗಡಿಯವನು "ಅದೇ ಬೇಕಾ, ನೋಡ್ಕೊಳ್ಳಿ" ಎಂದ. ಅವನಿಗೆ ಮಾಲು ಆರಿಸುವುದು ಹೇಗೆಂದು ನಿಂತೇ ಒಂದು ಉಪನ್ಯಾಸ ಕೊಟ್ಟು ಬಂದೆ.

ಅತ್ತಿಗೆ ಹಾಸಿಗೆಯಲ್ಲೇ ಎದ್ದು ಕೂತು ನೋಡಿದರು. "ಇದರಲ್ಲಿ ಆ ಎರಡು ಕಾಳು ಇಲ್ವಲ್ಲೋ."

"ಚುಕ್ಕೆ ಇಲ್ಲದ್ದೇ ಒಳ್ಳೆ ಮಾಲು ಅತ್ತಿಗೆ" ಎಂದೆ.

ಮರುದಿನ ಒಂದನ್ನು ಬೆಸೆದು ನೀಲಿ ದಾರದ ವಯರು ಸಿಕ್ಕಿಸಿದರು. ದೀಪ ಹತ್ತಿತು. ಅಂಥ ಕಾಳುಗಳು ಏಕಿರುತ್ತವೆಂದು ಕಾರ್ಖಾನೆಯಲ್ಲಿ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಅಲ್ಲಿ ಕಲಿಸಿದ್ದು ಎಲ್ಲಿ ಬೆಸೆಯಬೇಕೆಂದು ಮಾತ್ರ. "ಹಾಗಾದ್ರೆ ಅವು ಶೋಕಿಗೆ ಇದ್ದಿದ್ದು" ಎಂದು ಅತ್ತಿಗೆ ತೀರ್ಪು ಕೊಟ್ಟರು. ನಾನು ಮೀಸೆ ತಿರುವಿದೆ.

ಲೆಕ್ಕದ ಮೇಷ್ಟ್ರು ಬಂದದ್ದು ಆ ಐವತ್ತರಲ್ಲಿ ಮೂವತ್ತು ಖರ್ಚಾದ ಮೇಲೆ. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಮಗ್ಗಿ ಒಪ್ಪಿಸಿಕೊಂಡ ಗಂಟಲು ಅವರದು. ಮೂರು ವರ್ಷದ ಹಿಂದೆ ಅಲ್ಲೊಂದು ಗಡ್ಡೆ ಬೆಳೆದು, ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ಈಗ ಸಣ್ಣ ಟಾರ್ಚಿನಂಥ ಒಂದು ಮಿಷನ್ನನ್ನು ಕುತ್ತಿಗೆಗೆ ಒತ್ತಿ ಹಿಡಿದು ತುಟಿ ಆಡಿಸುತ್ತಾರೆ. ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿ ಪಾಠ ಹೇಳಿದ ಹಾಗೆ ಮಾತು ಬರುತ್ತದೆ. ಅಭ್ಯಾಸವಾದರೆ ಎಲ್ಲ ಅರ್ಥವಾಗುತ್ತದೆ, ಬೈಗುಳವಂತೂ ಮೊದಲ ದಿನವೇ ಅರ್ಥವಾಗುತ್ತದೆ.

ಅಂದು ಅವರು ಮಾತಾಡಲಿಲ್ಲ, ಬರೆದುಕೊಂಡು ಬಂದಿದ್ದ ಚೀಟಿ ಕೊಟ್ಟರು. ಮಿಷನ್ನಿನ ದುಂಡು ಮೂತಿಯ ಚಾರ್ಜರ್ ಸುಟ್ಟುಹೋಗಿತ್ತು. ಅಂಥದ್ದನ್ನು ಮಾಡುವುದನ್ನೇ ಕಂಪನಿ ನಿಲ್ಲಿಸಿತ್ತು. ನಾಳೆ ಬೆಳಿಗ್ಗೆ ಅವರು ತಮ್ಮ ಅಣ್ಣನ ಮನೆಗೆ ಹೋಗಬೇಕು, ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಚದುರಂಗ ಆಡುವಾಗ ತಾನು ನೀರು ಕುಡಿಯಲು ಎದ್ದುಹೋದ ಸಮಯ ನೋಡಿ ತಮ್ಮ ಕುದುರೆ ಸರಿಸಿದ ಎಂದು ಅಣ್ಣ ಹೇಳಿದ್ದರಂತೆ. ಅಷ್ಟಕ್ಕೇ. ಈಗ ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಎರಡು ಕಣ್ಣೂ ಹೋಗಿವೆ. ಒಂದು ಸಲ ಬಂದು ಮಾತಾಡಿಸಿ ಹೋಗು ಎಂದು ಯಾರ ಕೈಯಲ್ಲೋ ಹೇಳಿ ಕಳಿಸಿದ್ದಾರೆ. ಚೀಟಿಯ ಕೊನೆಯಲ್ಲಿ ಮೇಷ್ಟ್ರು ಹೀಗೆ ಬರೆದಿದ್ದರು: "ಎಲ್ಲರ ಹತ್ತಿರ ಸ್ಲೇಟಿನಲ್ಲಿ ಬರೆದು ತೋರಿಸಬಹುದು. ಅವನಿಗೆ ತೋರಿಸುವುದು ಹೇಗೆ?"

ಅತ್ತಿಗೆ ಚೀಟಿಯನ್ನು ಎರಡು ಸಲ ಓದಿದರು. ಉಳಿದ ಕೆಲಸವನ್ನೆಲ್ಲ ಪಕ್ಕಕ್ಕೆ ಸರಿಸಿದರು. ಐದು ವೋಲ್ಟು ಇತ್ತು. ಆ ಕಿರುಮಿಷನ್ನಿನ ಬುಡವನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿಚ್ಚಿ, ಹಳೆಯ ತೂತು ಕಿತ್ತು, ಹೊಸ ಬಾಯಿ ಬೆಸೆದರು. ನೀಲಿ ದಾರದ ವಯರು ಸಿಕ್ಕಿಸಿದಾಗ ಕೆಂಪು ದೀಪ ಹತ್ತಿತು. ಮೇಷ್ಟ್ರು ಅದನ್ನು ಕುತ್ತಿಗೆಗೆ ಒತ್ತಿ ನನ್ನ ಕಡೆ ತಿರುಗಿ, "ಹದಿನೇಳು ಹದಿಮೂರ್ಲ ಎಷ್ಟು?" ಎಂದರು. ಟೇಪು ಹಿಡಿದುಕೊಂಡು ನಾನು ಕಕ್ಕಾಬಿಕ್ಕಿಯಾದೆ. "ಇನ್ನೂರಿಪ್ಪತ್ತೊಂದು. ಅಳತೆ ತಪ್ಪೋದು ಇದಕ್ಕೇ" ಎಂದರು.

ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಗಂಟೆಯ ಮಾತಿಗೆ ಸಾಲುವಷ್ಟು ಚಾರ್ಜ್ ಆಗಿತ್ತು. ಮೇಷ್ಟ್ರ ಮನೆಯಲ್ಲಿ ಹೊಸ ಚಾರ್ಜರ್ ಇರಲಿಲ್ಲ, ಅವರದು ಗುಂಡಿ ಒತ್ತುವ ಹಳೆಯ ಫೋನು. "ಯೋಚನೆ ಮಾಡಬೇಡಿ ಮೇಷ್ಟ್ರೇ, ನಿಮ್ಮಣ್ಣನ ಮನೇಲಿ ಇದ್ದೇ ಇರುತ್ತೆ. ಕೈಬೀಸ್ಕೊಂಡು ಹೋಗಿ" ಎಂದು ಅತ್ತಿಗೆ ಕಳಿಸಿಕೊಟ್ಟರು.

ಮರುದಿನ ಹನ್ನೊಂದೂವರೆಗೆ ಮೂರು ಬಾಗಿಲು ಆಚೆಯ ಕ್ಷೌರದಂಗಡಿಯವನು ತನ್ನ ಟ್ರಿಮ್ಮರ್ ಹಿಡಿದುಕೊಂಡು ಬಂದ. ಅತ್ತಿಗೆ ಹೋದ ವಾರ ಬಾಯಿ ಕೂಡಿಸಿದ್ದ ಟ್ರಿಮ್ಮರ್ ಅದು.

"ಅಕ್ಕ, ಇದು ಚಾರ್ಜ್ ಆಗ್ತಿಲ್ಲ."

ಅತ್ತಿಗೆ ನೀಲಿ ದಾರದ ವಯರು ಸಿಕ್ಕಿಸಿದರು. ದೀಪ ಹತ್ತಿತು. "ಆಗ್ತಿದ್ಯಲ್ಲ."

"ಇಲ್ಲಿ ಆಗುತ್ತೆ. ಅಂಗಡೀಲಿ ಆಗಲ್ಲ."

"ಇದೇನು ತವರುಮನೇಲಿ ಉಣ್ಣುತ್ತೆ, ಗಂಡನ ಮನೇಲಿ ಉಪವಾಸ ಮಾಡುತ್ತಾ? ನಿನ್ನ ಚಾರ್ಜರ್ ಕೆಟ್ಟಿರಬೇಕು."

ಅವನು ಹೋಗಿ ತನ್ನ ಚಾರ್ಜರ್ ತಂದ. ಬೆಳ್ಳಗೆ ಹೊಚ್ಚ ಹೊಸದು, ವಯರಿನ ಎರಡು ತುದಿಯ ಮೂತಿಯೂ ಸಣ್ಣದೇ. ಸಿಕ್ಕಿಸಿದ, ದೀಪ ಹತ್ತಲಿಲ್ಲ. ತಿರುಗಿಸಿ ಸಿಕ್ಕಿಸಿದ, ಹತ್ತಲಿಲ್ಲ. ಅದೇ ಚಾರ್ಜರ್‌ನಲ್ಲಿ ಅವನ ಫೋನು ಚೆನ್ನಾಗಿ ಚಾರ್ಜ್ ಆಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಅತ್ತಿಗೆ ಇನ್ನೂ ಆ ಚಾರ್ಜರನ್ನು ಬೈಯುತ್ತಿರುವಾಗಲೇ, ಸೈಕಲ್ ದೀಪ ಹಿಡಿದುಕೊಂಡು ಇನ್ನೊಬ್ಬರು ಬಂದು ಅದೇ ಮಾತು ಹೇಳಿದರು.

ಅತ್ತಿಗೆ ಬೈಯುವುದನ್ನು ನಿಲ್ಲಿಸಿದರು. ಅವರು ಸುಮ್ಮನಾದರೆ ನನಗೆ ಭಯ. ಗೂಡಿನಿಂದ ಕಳೆದ ವರ್ಷದ ಟಾರ್ಚೊಂದನ್ನು ತೆಗೆದರು, ಹಳೆಯ ಮಾಲು ಹಾಕಿದ್ದು. ಬಿಳಿ ಚಾರ್ಜರ್ ಸಿಕ್ಕಿಸಿದರು. ಫಕ್ಕನೆ ದೀಪ ಹತ್ತಿತು. ಅದರ ಬೆನ್ನು ಬಿಚ್ಚಿದರು, ಟ್ರಿಮ್ಮರ್‌ನದನ್ನೂ ಬಿಚ್ಚಿದರು. ಭೂತಗನ್ನಡಿ ಹಿಡಿದು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಒಂದರಲ್ಲಿ ಎರಡು ಕಾಳು, ಇನ್ನೊಂದರಲ್ಲಿ ಇಲ್ಲ.

"ನನ್ನ ಹಳೇ ಚಾರ್ಜರ್ ಸಾಧು ಪ್ರಾಣಿ, ಯಾರು ಬಂದ್ರೂ ಬಡಿಸಿಬಿಡುತ್ತೆ" ಎಂದರು ನಿಧಾನವಾಗಿ. "ಹೊಸದು ಮೊದಲು ಗುರುತು ಕೇಳುತ್ತೆ. ಆ ಗುರುತಿನ ಚೀಟಿನೇ ಈ ಎರಡು ಕಾಳು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಮೀಸೆಗೆ ಹೋಗಿ ಹಾಗೇ ಕೆಳಗಿಳಿಯಿತು. "ಬಟ್ಟೇಲಿ ಚುಕ್ಕೆ ಇದ್ರೆ..." ಎಂದು ಶುರು ಮಾಡಿದೆ.

"ಇದು ಬಟ್ಟೆ ಅಲ್ಲ, ದರ್ಜಿಯೋರೇ" ಎಂದರು. ಮರುಕ್ಷಣ ಅವರ ಮುಖ ಬಿಳಿಚಿಕೊಂಡಿತು. "ಮೇಷ್ಟ್ರು."

ಗಡಿಯಾರ ನೋಡಿದೆವು. ಹನ್ನೆರಡೂವರೆ. ಮೇಷ್ಟ್ರು ಹನ್ನೊಂದಕ್ಕೇ ತಲುಪಿರಬೇಕು. ಅತ್ತಿಗೆ ಫೋನು ಹಚ್ಚಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿ ಹೊಲಿಗೆ ಯಂತ್ರದ ಮೇಲಿಟ್ಟರು. ಆ ಕಡೆ ಎತ್ತಿದರು. ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಮೇಷ್ಟ್ರೇ, ಮಿಷನ್ ನಿಂತೋಯ್ತಾ? ಹೌದು ಅಂದ್ರೆ ಫೋನ್ ಮೇಲೆ ಒಂದು ಸಲ ಕುಟ್ಟಿ, ಇಲ್ಲ ಅಂದ್ರೆ ಎರಡು ಸಲ."

ಟಕ್.

"ದಾರೀಲೇ ಖರ್ಚು ಮಾಡಿದ್ರಾ?"

ಸ್ವಲ್ಪ ತಡೆದು, ಟಕ್. ಅಣ್ಣನಿಗೆ ಹೇಳಬೇಕಾದದ್ದನ್ನು ಮಿಷನ್ ನಿಲ್ಲುವವರೆಗೂ ಬಸ್ಸಿನ ಕಿಟಕಿಗೆ ಒಪ್ಪಿಸಿದ್ದರೆಂದು ಆಮೇಲೆ ತಿಳಿಯಿತು.

"ಅಲ್ಲಿ ಚಾರ್ಜ್‌ಗೆ ಹಾಕಿದ್ರೆ ದೀಪ ಹತ್ತಿತಾ?"

ಟಕ್ ಟಕ್.

ಅಷ್ಟರಲ್ಲಿ ಒಂದು ದಪ್ಪ ಧ್ವನಿ ಹತ್ತಿರ ಬಂತು. "ಯಾರದು ಫೋನು? ಕೊಡು ಇಲ್ಲಿ. ಯಾರ್ರೀ? ನಿಮ್ಮ ಹತ್ತಿರವಾದ್ರೂ ಮಾತಾಡ್ತಾನಾ ಇವನು? ಬಂದು ಒಂದೂವರೆ ಗಂಟೆ ಆಯ್ತು. ಚಪ್ಪಲಿ ಎಳೆಯೋ ಸದ್ದಿನಿಂದ ಇವನೇ ಅಂತ ಗೊತ್ತು ಹಿಡಿದೆ. ಮಿಷನ್ ಇಟ್ಕೊಂಡು ಊರೋರ ಹತ್ತಿರ ಎಲ್ಲ ಮಾತಾಡ್ತಾನಂತೆ, ನನ್ನ ಹತ್ತಿರ ಮಾತ್ರ ಹಟ. ಮಾತಿಲ್ಲದೆ ಕೈ ಹಿಡ್ಕೊಳ್ಳೋಕೆ ಬಂದ, ಕೊಡವಿಬಿಟ್ಟೆ. ಕಣ್ಣಿಲ್ಲದವನ ಮುಂದೆ ಬಾಯಿ ಮುಚ್ಕೊಂಡು ಕೂತ್ರೆ ಬಂದ ಹಾಗಾ, ಬರದೇ ಇದ್ದ ಹಾಗಾ? ಮೂರು ಗಂಟೆ ಬಸ್ಸಿಗೆ ವಾಪಸ್ ಹೋಗು ಅಂದಿದ್ದೀನಿ."

ಅತ್ತಿಗೆ ಫೋನಿನ ಹತ್ತಿರಕ್ಕೆ ಬಗ್ಗಿದರು. ಚಾರ್ಜರ್ ಸರಿಯಿಲ್ಲ ಎನ್ನಬಹುದಿತ್ತು, ಕರೆಂಟು ಸರಿಯಿಲ್ಲ ಎನ್ನಬಹುದಿತ್ತು. ಗೆರೆಯ ಈ ಕಡೆ ಕೂತಿದ್ದ ನನ್ನನ್ನು ತೋರಿಸಿಬಿಡಬಹುದಿತ್ತು, ತೋರಿಸಿದ್ದರೆ ನ್ಯಾಯವೇ.

"ಯಜಮಾನ್ರೇ, ತಪ್ಪಾಯ್ತು" ಎಂದರು. "ನಾನು ಮಿಷನ್ ರಿಪೇರಿ ಮಾಡೋಳು. ನಿಮ್ಮ ತಮ್ಮ ಹಟ ಮಾಡ್ತಿಲ್ಲ. ಅವರ ಧ್ವನಿ ಕೆಡಿಸಿ ಕಳಿಸಿದ್ದು ನಾನು. ತಪ್ಪು ಪೂರಾ ನನ್ನದು."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅದೂ ನನ್ನ ತಪ್ಪಿಗೆ. ನನಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರು ಬಂತು. ಕ್ಷೌರದಂಗಡಿಯವನು ನನ್ನನ್ನು ನೋಡದ ಹಾಗೆ ಬೀದಿ ನೋಡುತ್ತ ನಿಂತ.

ಆ ಕಡೆ ಧ್ವನಿ ತಗ್ಗಿತು. "ಹಾಗಾದ್ರೆ ಇವನು ಮಾತಾಡಬೇಕು ಅಂತಾನೇ ಬಂದಿದ್ದಾ?"

ಟಕ್ ಎಂದಿತು, ಫೋನಿನ ಮೇಲಲ್ಲ, ದೂರದಲ್ಲಿ ಕುರ್ಚಿಯ ಕೈ ಮೇಲೆ.

"ಮನೇಲಿ ಹಳೇ ಥರದ ಚಾರ್ಜರ್ ಇದ್ಯಾ ನೋಡಿ" ಎಂದರು ಅತ್ತಿಗೆ. "ವಯರಿಗೆ ಒಂದು ಕಡೆ ಉಗುರಗಲ ಚೌಕ ಮೂತಿ ಇರಬೇಕು. ಇನ್ನೊಂದು ಕಡೆ ಸಣ್ಣದು, ಅಂಚು ದುಂಡಗೆ."

"ಅಗಲ ಮೂತಿದು ನನ್ನ ರೇಡಿಯೋ ಚಾರ್ಜರ್ ಇದೆ. ಮನೇಲಿ ನಾವಿಬ್ಬರೇ, ಸೊಸೆ ಕೆಲಸಕ್ಕೆ ಹೋಗಿದ್ದಾಳೆ. ವಯರು ಅವಳ ಡ್ರಾಯರ್‌ನಲ್ಲಿ ಇರುತ್ತೆ, ಇರಿ, ನಾನೇ ಹುಡುಕ್ತೀನಿ. ಇವನಿಗೆ ಕಣ್ಣಿದ್ರೂ ಕಣ್ಣೆದುರಿಗಿದ್ದದ್ದು ಸಿಗಲ್ಲ, ಚಿಕ್ಕಂದಿನಿಂದ ಹಾಗೇ. ಲೈನ್ ಇಡಬೇಡಿ."

ಡ್ರಾಯರ್ ಎಳೆದ ಸದ್ದು, ಒಳಗೆ ಕೈಯಾಡಿಸಿದ ಸದ್ದು. ಬೆರಳಲ್ಲೇ ನೋಡುತ್ತ ಅವರು ಒಂದೊಂದನ್ನೇ ಹೇಳುತ್ತಿದ್ದರು. "ಇದು ಎರಡು ಕಡೇನೂ ಸಣ್ಣ, ಬೇಡ. ಇದು ದುಂಡಗೆ. ಇದು ಏನೋ, ಕೂದಲು ಒಣಗಿಸೋದು. ಹಾಂ, ಇದು. ಒಂದು ಕಡೆ ಅಗಲ, ಒಂದು ಕಡೆ ಸಣ್ಣ, ಅಂಚು ದುಂಡಗೆ. ತಗೋ ತಮ್ಮ, ಹಾಕು. ದೀಪ ಹತ್ತಿದ್ರೆ ನನ್ನ ಕೈ ತಟ್ಟು."

ಅಂಗಡಿಯಲ್ಲಿದ್ದ ನಾವು ಮೂವರೂ, ಸೈಕಲ್ ದೀಪದವರೂ ಸೇರಿ ನಾಲ್ವರು, ಆ ಫೋನನ್ನೇ ನೋಡುತ್ತಿದ್ದೆವು.

"ತಟ್ಟಿದ" ಎಂದರು ಮೇಷ್ಟ್ರ ಅಣ್ಣ.

ಐದು ನಿಮಿಷವಾದರೂ ಬೇಕು ಎಂದು ಅತ್ತಿಗೆ ಹೇಳಿದರು. ಆಮೇಲೆ ಆ ಗುಂಯ್‌ಗುಡುವ ಧ್ವನಿ ಬಂತು.

"ಅಣ್ಣಾ."

ಹನ್ನೊಂದು ವರ್ಷದ ಹಿಂದಿನ ಗಂಟಲು ಅಣ್ಣನ ಕಿವಿಯಲ್ಲಿತ್ತು. ಈಗ ಕೇಳಿದ್ದು ಇದು.

"ಇದೇನೋ ಇದು" ಎಂದರು. "ಇದು ನಿನ್ನ ಧ್ವನಿನಾ?"

"ಇಷ್ಟೇ ಉಳಿದಿರೋದು ಅಣ್ಣ."

"ಸಾಕು ಕಣೋ" ಎಂದರು ಅವರು. "ಇಷ್ಟು ಸಾಕು. ಮಾತಾಡು, ನಿಲ್ಲಿಸಬೇಡ."

ಅತ್ತಿಗೆ ಕೈ ಚಾಚಿ ಫೋನು ಇಟ್ಟುಬಿಟ್ಟರು. ಇನ್ನು ಮುಂದಿನದು ನಾವು ಕೇಳುವ ಮಾತಾಗಿರಲಿಲ್ಲ.